ಕುಂಕುಮ ಹಚ್ಚಿದ ಹಾಕಿ ಸ್ಟಿಕ್ಕು

"ಬಡಿಯಾಕೋ, ಆಡಾಕೋ?"

ಹಾನಗಲ್ಲಿನ ಆಟದ ಸಾಮಾನಿನ ಅಂಗಡಿಯವನು ನನ್ನ ಮುಖ ಸಹ ನೋಡದೆ ಕೇಳಿದ ಮೊದಲ ಮಾತು ಇದು. ಹಣೆ ತುಂಬ ವಿಭೂತಿ, ತಲೆ ಮೇಲೆ ಸೆರಗು, ಕೈಯಲ್ಲಿ ಕಾಯಿಪಲ್ಲೆ ಚೀಲ. ಹಂಗೆ ನಿಂತ ಹೆಂಗಸನ್ನು ಕೇಳುವ ಮಾತೇ ಅದು? ನಾನು ಕೇಳಿದ್ದು ಇಷ್ಟೇ, ಹಾಕಿ ಸ್ಟಿಕ್ ಅದಾವೇನ್ರಿ ಅಂತ.

"ಹಂಗಲ್ರಿ ಅಕ್ಕಾರ," ಅಂದ, ಈಗ ತಲೆ ಎತ್ತಿ. "ಬಡಿಯೂವು ಬ್ಯಾರೆ, ಆಡೂವು ಬ್ಯಾರೆ. ಎಲೆಕ್ಷನ್ ಬಂದಾಗ, ಬದುವಿನ ಜಗಳ ಆದಾಗ ಬಡಿಯೂವ ಹೆಚ್ಚು ಹೋಗ್ತಾವ. ಆಡಾಕ ಅಂತ ಕೇಳಾವ್ರು ಕಡಿಮಿ." ಹೇಳುತ್ತಲೇ ಮುಂದಿನ ಡಬ್ಬಿಯಿಂದ ಒಂದನ್ನು ಎಳೆದು ನನ್ನ ಕೈಗೆ ಕೊಟ್ಟ. ಒನಕೆಯಷ್ಟು ಭಾರ. "ಇದು ಒಂದ ಏಟಿಗೆ ಸಾಕು ನೋಡ್ರಿ."

ಆ ಕೋಲನ್ನು ಅಲ್ಲೇ ಗಾಜಿನ ಮೇಲೆ ಇಟ್ಟು ಹೊರಗೆ ಬಂದೆ. ಎಂಥಾ ಹೇಸಿಗೆ ಬಂತು ಅಂದರೆ, ಮನೆಗೆ ಬಂದು ಬಚ್ಚಲಿಗೆ ಹೋಗಿ ಕೈ ತೊಳೆದುಕೊಂಡೆ. ಹದಿನಾಲ್ಕು ವರ್ಷದ ಹುಡುಗಿ ಆಡುವ ಸಾಮಾನು ಯಾರದೋ ಮಂಡೆ ಒಡೆಯುವ ಸಾಮಾನೂ ಹೌದು ಅಂದರೆ, ಶಿವನೇ, ಈ ಊರಿಗೆ ಏನು ಬಂತು?

ಸ್ಟಿಕ್ಕು ಬೇಕಾಗಿದ್ದು ಮಗಳಿಗೆ. ಒಂಬತ್ತನೇತ್ತಾ, ಅಂದರೆ ಒಂಬತ್ತನೇ ತರಗತಿ. ಅವಳ ಸಾಲೆಯಲ್ಲಿ ಹಾಕಿ ಸ್ಟಿಕ್ಕುಗಳೇ ಇಲ್ಲ ಅಂತಲ್ಲ, ಇವೆ. ಕಸಬರಿಗೆ ಇಡುವ ಮೂಲೆಯಲ್ಲಿ, ಕಸಬರಿಗೆ ಜೊತೆಗೇ ಒರಗಿಸಿಟ್ಟಿರುತ್ತಾರೆ. ಹಿಡಿಕೆಗೆ ಸೈಕಲ್ ಟ್ಯೂಬ್ ಸುತ್ತಿದ್ದು, ಎಷ್ಟೋ ವರ್ಷದ ಹುಡುಗಿಯರ ಬೆವರು ಕುಡಿದು ಅಂಟಂಟಾಗಿದೆ, ಮೇಲೆ ಇಲಿ ಹಿಕ್ಕೆ. ಪಾಲಕರ ಸಭೆಗೆ ಹೋದಾಗ ಒಂದನ್ನು ಮುಟ್ಟಿ ನೋಡಿದ್ದೆ, ಅವತ್ತು ಊಟ ಸೇರಲಿಲ್ಲ. ಅಂಥಾ ಕೋಲು ಹಿಡಿದೇ ಮಗಳು ಓಡುತ್ತಾಳೆ, ಹೊಡೆಯುತ್ತಾಳೆ, ನಗುತ್ತ ಮನೆಗೆ ಬರುತ್ತಾಳೆ. ಅವಳಿಗೆ ಹೇಸಿಗೆ ಆಗುವುದಿಲ್ಲ, ಅದೊಂದು ಪುಣ್ಯ.

ಪಿ.ಟಿ. ಸರ್ ಒಂದು ದಿನ ಹೇಳಿ ಕಳಿಸಿದ್ದರು. ಸವಣೂರಿನಲ್ಲಿ ಆಯ್ಕೆ ಇದೆ, ಸುತ್ತಲ ತಾಲೂಕುಗಳ ಹುಡುಗಿಯರನ್ನು ಆಡಿಸಿ ನೋಡಿ ಜಿಲ್ಲಾ ತಂಡಕ್ಕೆ ತೆಗೆದುಕೊಳ್ಳುತ್ತಾರೆ, ಪ್ರತಿಯೊಬ್ಬಳೂ ತನ್ನ ಅಳತೆಯ ಸ್ಟಿಕ್ ತಾನೇ ತರಬೇಕು. ಅಷ್ಟು ಹೇಳಿ ಅವರು ಯಾವುದೋ ತರಬೇತಿಗೆ ಹೋಗಿಬಿಟ್ಟರು. ಎಂಥಾದ್ದು ತರಬೇಕು, ಎಲ್ಲಿ ತರಬೇಕು ಅಂತ ಕೇಳಲು ಜನ ಇಲ್ಲ.

"ಅವ್ವಾ, ಈ ಸಲ ಬಿಟ್ರ ಮುಗೀತು," ಅಂದಳು ಮಗಳು, ರೊಟ್ಟಿ ಮುರಿಯುತ್ತ. "ಮುಂದಿನ ವರ್ಷ ಹತ್ತನೇತ್ತಾ. ಅಪ್ಪ ಬಿಡೂದಿಲ್ಲ, ಅಜ್ಜಿ ಬಿಡೂದಿಲ್ಲ. ನೀನೂ ಬಿಡೂದಿಲ್ಲ."

ಸುಳ್ಳಲ್ಲ. ಅದಕ್ಕೇ ನಾನು ಪೇಟೆಗೆ ಹೋಗಿದ್ದು.

ಒಂದು ವಿಷಯ ಹೇಳಬೇಕು. ನನ್ನ ಮಗಳು ಎಡಚಿ. ಬರೆಯುವುದು, ಹೊಲಿಯುವುದು, ಕಸ ಹೊಡೆಯುವುದು, ಎಲ್ಲ ಎಡಗೈ. ಐದು ವರ್ಷದವಳಿದ್ದಾಗ ನಮ್ಮ ಅತ್ತೆ ಹಳೇ ಸೀರೆಯ ದಡಿ ಹರಿದು ಆ ಕೈಯನ್ನು ಸೊಂಟಕ್ಕೆ ಕಟ್ಟಿ ಕೂಡಿಸುತ್ತಿದ್ದರು. ನಾನು ಬಿಚ್ಚುವುದು, ಅವರು ಕಟ್ಟುವುದು. ಕಡೆಗೆ ಹುಡುಗಿ ಬಲಗೈಯಲ್ಲಿ ಉಣ್ಣುವುದನ್ನು ಕಲಿತಳು, ಅತ್ತೆಗೆ ಸಾಕಾಯಿತು, ದಡಿ ಒಲೆ ಮುಂದಿನ ಮಸಿಬಟ್ಟೆ ಆಯಿತು.

ಅತ್ತೆಗೆ ಸಾಕಾದರೂ ನಾದಿನಿಗೆ ಸಾಕಾಗಲಿಲ್ಲ. ನಮ್ಮ ಮನೆಯವರ ಅಕ್ಕ ಆಕೆ, ಹಿರೇಕೆರೂರಿಗೆ ಕೊಟ್ಟಿದ್ದು. ಬಂದಾಗೊಮ್ಮೆ ಹುಡುಗಿ ಮರೆತು ಎಡಗೈಯಲ್ಲಿ ನೀರಿನ ತಂಬಿಗೆ ಕೊಟ್ಟರೆ, ಸತ್ತ ಇಲಿ ಕೊಟ್ಟಂಗೆ ಮೂಗು ಮುರಿಯುವುದು. "ತೊಳ್ಕೊಳ್ಳೂ ಕೈಲೆ ನೀರ ಕೊಡ್ತೀ ಏನ? ಹೇಸಿ! ನಾಳೆ ಕೊಟ್ಟ ಮನಿಯಾಗ ಯಾರ ಕುಡೀತಾರ ನಿನ್ನ ಕೈಯಾನ ನೀರ?" ಅನ್ನುತ್ತ ಆ ನೀರನ್ನು ಅಂಗಳದ ದಾಸವಾಳಕ್ಕೆ ಸುರಿಯುವುದು. ನಮ್ಮ ಓಣಿಯಲ್ಲಿ ನಮ್ಮ ದಾಸವಾಳ ಬಿಟ್ಟಷ್ಟು ಹೂವು ಯಾರ ಗಿಡವೂ ಬಿಡುವುದಿಲ್ಲ. ದೇವರು ಯಾವ ದಾರಿಯಿಂದಲೋ ಕೊಡುತ್ತಾನೆ.

ಸ್ಟಿಕ್ಕಿನ ಸುದ್ದಿ ಹಿರೇಕೆರೂರಿಗೆ ಮುಟ್ಟಿತು. ನಾದಿನಿಯ ಗಂಡ ಟಿ.ವಿ. ಮುಂದೆ ಕೂತು ಕ್ರಿಕೆಟ್ ನೋಡಿ ನೋಡಿ ಎಲ್ಲ ಆಟಕ್ಕೂ ಪಂಡಿತರಾದವರು. "ಎಡಚರಿಗೆ ಬ್ಯಾರೆನ ಸ್ಟಿಕ್ ಇರ್ತಾವ. ಶಿಗ್ಗಾಂವದಾಗ ನನ್ನ ಗುರ್ತಿನವ ಅದಾನ, ತರಸ್ತೇನಿ. ನೀವು ಯಾರೂ ಕೈ ಹಾಕಬ್ಯಾಡ್ರಿ," ಅಂತ ಫೋನಿನಲ್ಲೇ ಅಪ್ಪಣೆ ಆಯಿತು. ಆಡುವವಳನ್ನು ಒಂದು ಮಾತು ಕೇಳೋಣ ಅಂತ ಯಾರಿಗೂ ಅನಿಸಲಿಲ್ಲ. ನಮ್ಮಲ್ಲಿ ಹುಡುಗಿಗೆ ಬಳೆ ತರಲಿ, ಚಪ್ಪಲಿ ತರಲಿ, ಹಿಂಗೇ. ತಂದ ಮೇಲೆ ಕರೆದು ತೋರಿಸುವುದು.

ಗಂಡ ಹೆಂಡತಿ ಇಬ್ಬರೂ ಸ್ಟಿಕ್ ಹಿಡಿದುಕೊಂಡೇ ಬಂದರು. ಮಗಳು ಸಾಲೆಯಲ್ಲಿದ್ದಳು. ಅವಳು ಬರುವ ತನಕ ತಡೀರಿ ಅಂದೆ. ಯಾರು ತಡೆಯುತ್ತಾರೆ? ಹೆಣ್ಣು ಕೊಟ್ಟ ಮನೆಯಿಂದ ಬಂದ ಸಾಮಾನು, ಅದನ್ನು ಹಂಗೇ ಮೂಲೆಗೆ ಇಡಲಿಕ್ಕೆ ಬರುತ್ತದೇನು ಅಂತ ಅತ್ತೆ ಎದ್ದರು. ಜಗಲಿ ಮೇಲೆ ಮಣೆ ಹಾಕಿ, ಸ್ಟಿಕ್ ಮಲಗಿಸಿ, ವಿಭೂತಿ ಎಳೆದು, ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ತಲೆಗೂ ಹಿಡಿಕೆಗೂ ಬಡಿದು, ಕೆಂಪು ದಾರ ಕಟ್ಟಿ, ಕಾಯಿ ಒಡೆದು, ಆರತಿ ಎತ್ತಿದರು. ಹೊಸ ಟ್ರ್ಯಾಕ್ಟರಿಗೆ ಮಾಡುವ ಪೂಜೆಗೂ ಇದಕ್ಕೂ ನಿಂಬೆಹಣ್ಣು ಒಂದೇ ಕಡಿಮೆ.

ಮಗಳು ಬಂದಳು. ಕಣ್ಣು ಅರಳಿತು. ಎತ್ತಿಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಆಮೇಲೆ ಬೆರಳಿನಿಂದ ಅದರ ಬೆನ್ನು ಸವರಿದಳು, ಮತ್ತೊಮ್ಮೆ ಸವರಿದಳು. ಮುಖ ಸಣ್ಣದಾಯಿತು.

"ಅವ್ವಾ, ಇದರ ಬೆನ್ನು ಕೀಸ್ಯಾರ."

ಹಾಕಿ ಸ್ಟಿಕ್ಕಿಗೆ ಒಂದು ಮಗ್ಗುಲು ಚಪ್ಪಟೆ, ಇನ್ನೊಂದು ಮಗ್ಗುಲು ದುಂಡಗೆ ಇರುತ್ತದಂತೆ. ಚೆಂಡನ್ನು ಚಪ್ಪಟೆ ಮಗ್ಗುಲಿನಿಂದಲೇ ಹೊಡೆಯಬೇಕು. ಆ ಚಪ್ಪಟೆ ಎಲ್ಲರ ಸ್ಟಿಕ್ಕಿಗೂ ಒಂದೇ ಕಡೆ. ಎಡಚರಿಗೆ ಅಂತ ಬೇರೆ ಇಲ್ಲ, ಆಟದ ನಿಯಮವೇ ಅದು. ಶಿಗ್ಗಾಂವದ ಅಂಗಡಿಯವನು ಸಾದಾ ಸ್ಟಿಕ್ಕಿನ ದುಂಡನೆ ಬೆನ್ನನ್ನು ಬಡಿಗ್ಯಾನ ಕಡೆ ಕೀಸಿಸಿ, ಚಪ್ಪಟೆ ಮಾಡಿಸಿ, ಮೇಲೆ ವಾರ್ನಿಷ್ ಬಳಿದು, ಎಡಗೈ ಸ್ಟಿಕ್ ಅಂತ ಕೊಟ್ಟಿದ್ದ.

"ಇದನ್ನ ಹಿಡಕೊಂಡ್ರ ಗ್ರೌಂಡಿನೊಳಗ ಕಾಲ ಇಡಾಕ ಬಿಡೂದಿಲ್ಲ ಮಾಮಾ," ಅಂದಳು ಮಗಳು.

"ನಿನಗೇನ ತಿಳೀತೈತಿ ಕೂಸ? ಕ್ರಿಕೆಟ್‌ನಾಗ ಎಡಗೈಲೆ ಹೊಡಿಯೂ ಬ್ಯಾಟ್ಸ್‌ಮನ್ ಇರೂದಿಲ್ಲೇನು?"

"ಅವ್ರೂ ಅದ ಬ್ಯಾಟ್ ಹಿಡೀತಾರ ಮಾಮಾ. ತಿರುಗಿ ನಿಂದರ್ತಾರ, ಅಷ್ಟ."

ಮಾಮಾ ಚಹಾದ ಕಪ್ಪಿನೊಳಗೆ ನೋಡಿದರು. ನಾದಿನಿ ಮಾತ್ರ ಬಿಡಲಿಲ್ಲ. "ಎದುರ ಮಾತಾಡ್ತಾಳ ನೋಡವ್ವಾ. ಕೈಯಷ್ಟ ಎಡ ಅಲ್ಲ, ಬುದ್ಧೀನೂ ಎಡಾನ."

ಮರುದಿನ ಮಗಳನ್ನೂ ಸ್ಟಿಕ್ಕನ್ನೂ ಕರೆದುಕೊಂಡು ಶಿಗ್ಗಾಂವದ ಬಸ್ಸು ಹತ್ತಿದೆ. ಬದಲಿ ಮಾಡಿಕೊಂಡು ಬಂದರಾಯಿತು ಅಂತ.

ಆ ಅಂಗಡಿಯ ಮೆಟ್ಟಿಲ ಎರಡೂ ಕಡೆ ಗುಟಕಾ ಉಗುಳಿ ಉಗುಳಿ ಗೋಡೆ ಹುಣ್ಣಾದಂಗೆ ಕೆಂಪಾಗಿದೆ. ಮಾಲಕ ಬಾಯಿ ತುಂಬ ರಸ ಇಟ್ಟುಕೊಂಡು, ಚೆಲ್ಲಬಾರದೆಂದು ಗದ್ದ ಮೇಲೆತ್ತಿ ಮಾತಾಡುತ್ತಾನೆ. ನೊಣಗಳು ಅವನಿಗೆ ಬಳಗ. ಕಾಗದ ಬಿಚ್ಚಿ ಸ್ಟಿಕ್ ಮುಂದಿಟ್ಟೆ. ಕುಂಕುಮ ಕಂಡದ್ದೇ ತಡ, ಎರಡು ಹೆಜ್ಜೆ ಹಿಂದೆ ಸರಿದು ಕೈ ಮುಗಿದ.

"ಯವ್ವಾ ತಾಯಿ! ಪೂಜಿ ಆದದ್ದು ಇದು! ದೇವರಿಗೆ ಮುಟ್ಟಿದ್ದನ್ನ ವಾಪಸ್ ತಗೊಂಡ್ರ ನನ್ನ ಅಂಗಡಿ ಉಳಿದೀತೇನ್ರಿ? ನೀವ ಹೇಳ್ರಿ, ದೊಡ್ಡವ್ರು."

"ಬೆನ್ನ ಕೀಸಿಸುವಾಗ ದೇವರ ಅಂಜಿಕಿ ಇರ್ಲಿಲ್ಲೇನು?"

"ಅದು ಕಂಪನಿಯಿಂದನ ಹಂಗ ಬರ್ತೈತ್ರಿ."

"ಕಂಪನಿಯಿಂದ ಬಂದಿದ್ರ ಈ ನೀಲಿ ಪಟ್ಟಿ ಯಾಕ ಅರ್ಧಕ್ಕ ನಿಂತೈತಿ?" ಅಂದಳು ಮಗಳು. ಮುಂದಿನ ಮಗ್ಗುಲಿನಿಂದ ಸುತ್ತಿ ಬಂದ ಬಣ್ಣದ ಪಟ್ಟಿ ಬೆನ್ನಿಗೆ ಬಂದ ಕೂಡಲೇ ಕತ್ತರಿಸಿದಂಗೆ ಮಾಯವಾಗಿತ್ತು.

ಅವನಿಗೆ ಸಿಟ್ಟು ಬಂತು. ಸಿಟ್ಟಿನಲ್ಲಿ ಬಾಯೊಳಗೆ ಏನಿದೆ ಅನ್ನುವುದು ಮರೆತು "ಏ ಹುಡುಗಿ!" ಅಂದ. ಹನಿ ನನ್ನ ಸೆರಗಿನ ತನಕ ಬಂತು.

ನಾನು ದಿನಾ ಲಿಂಗಪೂಜೆ ಮಾಡಿಯೇ ನೀರು ಕುಡಿಯುವವಳು. ನನ್ನ ಹೊಟ್ಟೆಯೊಳಗೆ ದೇವರ ಹೆದರಿಕೆ ಇದೆ. ಆದರೆ ದೇವರನ್ನು ಎಳೆದು ತಂದು ಅಂಗಡಿ ಬಾಗಿಲಿಗೆ ಅಡ್ಡಗೋಲು ಮಾಡಿಕೊಂಡದ್ದನ್ನು ಅವತ್ತು ಕಂಡಷ್ಟು ಹತ್ತಿರದಿಂದ ಎಂದೂ ಕಂಡಿರಲಿಲ್ಲ. ಏನೇನೋ ಬಾಯಿಗೆ ಬಂತು, ಮಗಳ ಮುಂದೆ ಆಡುವಂಥಾದ್ದಲ್ಲ, ನುಂಗಿಕೊಂಡೆ. ಮೆರೂನ್ ಸೀರೆ ಉಟ್ಟಿದ್ದೆ, ಕಲೆ ಕಾಣಲಿಲ್ಲ. ಅಷ್ಟರಮಟ್ಟಿಗೆ ಶಿವ ಕಾಯ್ದ.

ಹಾನಗಲ್ಲಿಗೆ ವಾಪಸ್ ಬಂದು ಬಸ್ ಇಳಿದೆವು. ಆಯ್ಕೆ ಎದುರಿಗೇ ಬಂದು ನಿಂತಿತ್ತು. ನನಗೆ ಗೊತ್ತಿದ್ದ ಇನ್ನೊಂದು ಅಂಗಡಿ ಯಾವುದು? ಬಡಿಯಾಕೋ ಆಡಾಕೋ ಅಂತ ಕೇಳಿದವನದು. ಅಲ್ಲಿಗೇ ಹೋದೆ. ಅವನು ಬಾಯಿ ತೆರೆಯುವುದರೊಳಗೆ "ಆಡಾಕ!" ಅಂದೆ, ಜೋರಾಗೇ. ಪಕ್ಕದ ದಾರದ ಅಂಗಡಿಯವರೂ ತಿರುಗಿ ನೋಡಿದರು.

"ಹಂಗಾರ ಒಳಗ ಬರ್ರಿ, ಹಿಂದ ಅದಾವ," ಅಂದ. "ಧೂಳ ಆಗ್ಯಾವ, ಸಿಟ್ಟಾಗಬ್ಯಾಡ್ರಿ. ಆರಿಸ್ಕೋ ತಂಗಿ."

ಮನುಷ್ಯ ಒರಟ, ಆದರೂ ಕೇಳಿ ಮಾರುತ್ತಾನೆ, ಅಂತ ಆಗ ಹೊಳೆಯಿತು.

ಮಗಳು ಧೂಳೊಳಗೆ ಕೂತಳು. ಒಂದೊಂದನ್ನೇ ತೆಗೆದು ನೆಟ್ಟಗೆ ಮುಂದೆ ನಿಲ್ಲಿಸಿ, ಅದರ ತುದಿ ತನ್ನ ಸೊಂಟದ ಎಲುಬಿಗೆ ಬರುತ್ತದೋ ಇಲ್ಲವೋ ನೋಡುವುದು. ಮೇಲೆ ಬಂದರೆ ಬದಿಗೆ. ಬೆಳೆಯುವ ಹುಡುಗಿ, ಒಂಚೂರು ದೊಡ್ಡದೇ ಇರಲಿ, ಮುಂದೂ ಬರುತ್ತದೆ ಅಂತ ನನ್ನ ನಾಲಿಗೆ ತುದಿಗೆ ಬಂದಿತ್ತು. ಲಂಗದಿಂದ ಹಿಡಿದು ಚಪ್ಪಲಿ ತನಕ ನಾವು ಎಲ್ಲ ಹಂಗೇ ತರುವವರು. "ಉದ್ದ ಆದ್ರ ಹೊಟ್ಟಿಗೆ ತಾಗ್ತೈತವ್ವ, ಬಗ್ಗಿ ಓಡಾಕ ಬರೂದಿಲ್ಲ," ಅಂದಳು ನನ್ನ ಮುಖ ನೋಡಿಯೇ. ಉಳಿದವನ್ನು ಒಂದೊಂದಾಗಿ ಎಡಗೈ ಒಂದರಲ್ಲೇ ಹಿಡಿದು ಮುಂದೆ ಚಾಚಿ, ಮಣಿಕಟ್ಟು ಆಕಡೆ ಈಕಡೆ ಹೊರಳಿಸಿ ನೋಡಿದಳು. ತಲೆ ಭಾರ ಇದ್ದದ್ದು ಕೈಯನ್ನು ಕೆಳಗೆ ಎಳೆಯುತ್ತಿತ್ತು, ಅದು ಬದಿಗೆ. ಕಡೆಗೆ ಉಳಿದದ್ದನ್ನು ನೆಲದ ಮೇಲೆ ಮಲಗಿಸಿ ಎಷ್ಟು ಬಾಗಿದೆ ನೋಡಿದಳು. ಬೆನ್ನು ಸವರಿದಳು. ಎಳೆಗರುವಿನ ಬೆನ್ನಿನಂಗೆ ದುಂಡಗೆ ಇತ್ತು.

"ಎಡಗೈಲೇ ಯಾಕ ನೋಡಾಕತ್ತೀ? ಆಡೂದು ಎರಡೂ ಕೈಲೆ ಅಲ್ಲ?"

"ಎಡಗೈ ಮ್ಯಾಲೆ ಇರ್ತೈತವ್ವ, ಬಲಗೈ ಕೆಳಗ. ಹೊರಳಿಸೂದೆಲ್ಲಾ ಎಡಗೈ. ಬಲಗೈ ಬರೇ ಜೋಡಿ ಬರ್ತೈತಿ."

"ನಿಂದಷ್ಟ ಹಂಗೇನು?"

"ಎಲ್ಲಾರ್ದೂ."

ಎಲ್ಲರದೂ! ಸೊಂಟಕ್ಕೆ ಕಟ್ಟಿದ ಆ ಕೈ, ಮೂಗು ಮುರಿದು ಚೆಲ್ಲಿದ ಆ ನೀರು ಎಲ್ಲ ಒಮ್ಮೆಲೇ ನೆನಪಾಗಿ ನನಗೆ ನಗು ಬಂತೋ ಸಿಟ್ಟು ಬಂತೋ ಹೇಳಲಾರೆ. ತುಪ್ಪ ಮಾರಿ ಕೂಡಿಟ್ಟಿದ್ದನ್ನು ಸೆರಗಿನ ಗಂಟಿನಿಂದ ಬಿಚ್ಚಿ ಕೊಟ್ಟು ಬಂದೆ. ಈ ಸಲ ಪೂಜೆ ಮಾಡಲಿಲ್ಲ. ಮಗಳು ತಾನೇ ಒದ್ದೆ ಅರಿವೆಯಿಂದ ಒರೆಸಿ ಹಾಸಿಗೆ ಪಕ್ಕ ಇಟ್ಟುಕೊಂಡಳು.

ಸವಣೂರಿಗೆ ಹೋಗುವ ದಿನ ಬೆಳಗ್ಗೆ ನಾದಿನಿ ಮನೆಯಲ್ಲೇ ಇದ್ದಳು. ಹೊಸ ಸ್ಟಿಕ್ ಕಂಡಳು.

"ನಮ್ಮನಿಯವರು ತಂದದ್ದು ನಿಮಗ ಸೇರ್ಲಿಲ್ಲೇನ? ಪೂಜಿ ಆದದ್ದನ್ನ ಮನ್ಯಾಗ ಬಿಟ್ಟು ಹೋದ್ರ ಒಳ್ಳೇದಾಗೂದಿಲ್ಲ, ಹೇಳಿರ್ತೇನಿ."

"ಅದನ್ನೂ ಒಯ್ತೇವಿ ಅಕ್ಕಾರ," ಅಂದೆ. ಜಗಳ ಬೇಡವಾಗಿತ್ತು.

"ಒಯ್ದರೇನು? ಆ ಹೊಲಸ ಕೈಲೆ ಏನ ಹಿಡದ್ರೂ ಅಷ್ಟ."

ಅತ್ತೆ, ನಾದಿನಿ, ನಾನು ಮೂವರೂ ಆಗಷ್ಟೇ ಮೈ ತೊಳೆದು ಪೂಜೆಗೆ ಕೂತಿದ್ದೆವು. ಮೂವರ ಇಷ್ಟಲಿಂಗವೂ ಕೊರಳ ಕರಡಿಗೆಯಿಂದ ಹೊರಗೆ ಬಂದು ಅಂಗೈ ಮೇಲಿತ್ತು. ಹುಟ್ಟಿದಾಗಿನಿಂದ ನೋಡಿದ್ದು, ದಿನಾ ಮಾಡಿದ್ದು. ಆದರೆ ಅವತ್ತು ಕಣ್ಣಿಗೆ ಬಿತ್ತು.

"ಅಕ್ಕಾರ," ಅಂದೆ, "ನಿಮ್ಮ ಲಿಂಗಪ್ಪ ಯಾವ ಕೈಯಾಗ ಕುಂತಾನ ನೋಡ್ಕೋರಿ."

ನಾದಿನಿ ನೋಡಿಕೊಂಡಳು. ಎಡಗೈ. ನನ್ನದೂ ಎಡಗೈ, ಅತ್ತೆಯದೂ ಎಡಗೈ. ಬಲಗೈ ನೀರು ಎರೆಯುವುದು, ಪತ್ರಿ ಏರಿಸುವುದು, ಆಳಿನ ಕೆಲಸ. ಶಿವನನ್ನು ಹೊರುವುದು ಎಡಗೈ.

ಅತ್ತೆ ಕಣ್ಣು ಮುಚ್ಚಿಕೊಂಡೇ "ಪೂಜ್ಯಾಗ ಮಾತ ಆಡಬಾರ್ದು, ಸುಮ್ನಿರ್ರಿ," ಅಂದರು. ಯಾರಿಗೆ ಅಂದರೋ. ಆದರೆ ಪೂಜೆ ಮುಗಿದ ಮೇಲೆ ಮೊಮ್ಮಗಳನ್ನು ಕರೆದು ಪ್ರಸಾದ ಕೊಡುವಾಗ, ಅವಳು ಬಲಗೈ ಮುಂದೆ ಮಾಡಿದರೆ, ಎಡಗೈಯನ್ನೂ ಎಳೆದು ಅದರ ಮಣಿಕಟ್ಟಿಗೆ ಒಂಚೂರು ವಿಭೂತಿ ಹಚ್ಚಿದರು. ಇರಲಿ, ತಡವಾಗಿಯಾದರೂ ಬಂತು.

ಸವಣೂರಿನ ಮೈದಾನದಲ್ಲಿ ಎಮ್ಮೆಗಳನ್ನು ಹೊಡೆದೋಡಿಸಿ ಸುಣ್ಣದ ಗೆರೆ ಎಳೆದಿದ್ದರು. ಗೆರೆ ಸಗಣಿಯ ಮೇಲೂ ಹಾದುಹೋಗಿತ್ತು. ಹುಡುಗಿಯರಿಗೆ ಅಂತ ತೋರಿಸಿದ ಪಾಯಿಖಾನೆಗೆ ಚಿಲಕ ಇಲ್ಲ, ನೀರಿಲ್ಲ, ಒಳಗೆ ಕಾಲಿಟ್ಟವರು ಸೆರಗು ಮೂಗಿಗೆ ಒತ್ತಿಕೊಂಡು ಹೊರಗೆ ಬಂದರು. ಅದಕ್ಕೆ ಹೆದರಿ ಒಬ್ಬ ಹುಡುಗಿಯೂ ನೀರು ಕುಡಿಯಲಿಲ್ಲ, ಆ ಬಿಸಿಲಲ್ಲಿ. ಹೇಸಿಗೆ ಅಂದರೆ ಇದು. ಇದನ್ನು ಕಂಡು ಯಾರಿಗೂ ಮೂಗು ಮುರಿಯಬೇಕು ಅನಿಸುವುದಿಲ್ಲ. ದೊಡ್ಡವರು ನೆರಳಲ್ಲಿ ಕೂತು ಎಲೆ ಮಡಿಚುತ್ತಿದ್ದರು.

ಆಟಕ್ಕೆ ಮೊದಲು ಒಬ್ಬರು ಸಾಲಾಗಿ ನಿಂತವರ ಸ್ಟಿಕ್ಕುಗಳನ್ನು ಮುಟ್ಟಿ ನೋಡುತ್ತ ಬಂದರು. ನನ್ನ ಮಗಳದು ಸವರಿ, ಸರಿ ಅಂದರು. ಅವಳ ಆಚೆ ನಿಂತ ಹುಡುಗಿಯ ಸ್ಟಿಕ್ ತಿರುಗಿಸಿ, "ಇದು ನಡಿಯಂಗಿಲ್ಲ, ಬ್ಯಾರೆ ಇದ್ರ ತಾ," ಅಂತ ಅವಳ ಕೈಗೆ ವಾಪಸ್ ಕೊಟ್ಟರು. ಆ ಹುಡುಗಿ ಬಂದು ನಮ್ಮ ಹತ್ತಿರದ ಕಲ್ಲಿನ ಮೇಲೆ ಕೂತು ಮುಖ ಮುಚ್ಚಿಕೊಂಡಳು. ಅವಳ ಅವ್ವ ಏನು ಮಾಡಬೇಕು ತಿಳಿಯದೆ ಬೆನ್ನು ಸವರುತ್ತಿದ್ದಳು. ನಾನು ಆ ಸ್ಟಿಕ್ ನೋಡಿದೆ. ಅದೇ ವಾರ್ನಿಷ್, ಅರ್ಧಕ್ಕೆ ನಿಂತ ಪಟ್ಟಿ.

"ಶಿಗ್ಗಾಂವದಾಗ ತಂದ್ರೇನ್ರಿ?" ಅಂದೆ.

"ಹೂಂನ್ರಿ. ನಾವು ಶಿಗ್ಗಾಂವದವ್ರ. ನನ್ನ ಮಗಳು ಎಡಚಿ ಅಂತ ಹೇಳಿದ್ದಕ್ಕ..." ಮುಂದಿನದು ನನಗೆ ಗೊತ್ತಿತ್ತು.

ಅಷ್ಟರಲ್ಲಿ ನನ್ನ ಮಗಳು ಮೊದಲ ಸರತಿ ಆಡಿ ಮುಗಿಸಿ ಬೆವರು ಸುರಿಸುತ್ತ ಬಂದಳು. ಆ ಹುಡುಗಿಯನ್ನು ನೋಡಿದಳು, ಸ್ಟಿಕ್ ನೋಡಿದಳು. ನನ್ನನ್ನು ಕೇಳಲೂ ಇಲ್ಲ.

"ನಿಂದು ಎರಡನೇ ಸರತಿ ಏನ? ತಗೋ. ಇಬ್ರದೂ ಎತ್ತರ ಒಂದ ಐತಿ."

ಬಡವರ ತುಪ್ಪದ ಸ್ಟಿಕ್ಕು! ಮುರಿದುಕೊಂಡು ಬಂದರೆ? ಅದಕ್ಕಿಂತ ಹೆಚ್ಚು, ಆ ಹುಡುಗಿಯೇ ಚೆನ್ನಾಗಿ ಆಡಿಬಿಟ್ಟರೆ? ಮಗಳ ರಟ್ಟೆ ಹಿಡಿದು ಎಳೆದೆ. "ನಿನಗ ಬುದ್ಧಿ ಐತೇನ?"

"ಅವ್ವಾ, ಆಡಿಸದನ ಮನಿಗೆ ಕಳಿಸ್ತಾರ ಅಕಿನ್ನ," ಅಂದಳು. ಅಷ್ಟೇ.

ಆ ಹುಡುಗಿ ಆಡಿದಳು. ಎಂಥಾ ಆಟ ಅಂತೀರಿ! ಚೆಂಡು ಸ್ಟಿಕ್ಕಿಗೆ ಹಿಟ್ಟು ಹಚ್ಚಿ ಅಂಟಿಸಿದಂಗೆ ಅವಳ ಜೊತೆ ಓಡಿತು. ನನಗೆ ಆಟ ತಿಳಿಯುವುದಿಲ್ಲ, ಆದರೂ ತಿಳಿಯಿತು. ಸಂಜೆ ಹೆಸರು ಓದಿದರು. ಆ ಹುಡುಗಿಯದು ಮೊದಲೇ ಬಂತು. ನನ್ನ ಮಗಳದು ಎಲ್ಲ ಮುಗಿದ ಮೇಲೆ, ಹೆಚ್ಚುವರಿ ಆಟಗಾರ್ತಿ ಅಂತ. ಯಾರಿಗಾದರೂ ಪೆಟ್ಟಾದರೆ ಆಡುವವಳು. ನನ್ನ ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ. ಮಗಳು ಮಾತ್ರ "ತಂಡದ ತರಬೇತಿ ಶಿಬಿರಕ್ಕ ನನ್ನೂ ಕರೀತಾರವ್ವ!" ಅಂತ ಕುಣಿದಳು. ಆ ಶಿಬಿರಕ್ಕೆ ಅವಳ ಅಪ್ಪನನ್ನು ಒಪ್ಪಿಸುವುದು ಇನ್ನು ನನ್ನ ಪಾಲಿನ ಆಟ.

ವಾಪಸ್ ಬರುವಾಗ ಆ ತಾಯಿ ಮಗಳು, ನಾವು, ಒಂದೇ ಬಸ್ಸು. ಅವರು ಇಳಿಯುವ ಶಿಗ್ಗಾಂವದಲ್ಲೇ ನಮಗೂ ಬಸ್ ಬದಲಿಸಬೇಕಿತ್ತು. ಕೆಳಗೆ ಇಳಿದು ಆ ಹೆಂಗಸಿನ ಮುಖ ನೋಡಿದೆ, ಆಕೆ ನನ್ನ ಮುಖ ನೋಡಿದಳು. ಇಬ್ಬರ ಕಂಕುಳಲ್ಲೂ ಬೆನ್ನು ಕೀಸಿದ ಒಂದೊಂದು ಸ್ಟಿಕ್ಕು. ನಾನು ಸೆರಗಿನಿಂದ ನಮ್ಮದರ ಕುಂಕುಮ ಒರೆಸಿ ತೆಗೆದೆ. ದೇವರು ಕ್ಷಮಿಸಲಿ, ಅವನ ಹೆಸರನ್ನು ಆ ಅಂಗಡಿಯಿಂದ ಬಿಡಿಸಿಕೊಂಡು ಬರಲಿಕ್ಕೇ ಒರೆಸಿದ್ದು.

ನಾವು ರಸ್ತೆ ದಾಟುವುದನ್ನು ಮಾಲಕ ಗಲ್ಲೆಯಿಂದಲೇ ಕಂಡ. ಸೆರಗು ಬಿಗಿದು ಸೊಂಟಕ್ಕೆ ಸಿಗಿಸಿದ ಇಬ್ಬರು ಹೆಂಗಸರು, ಕೈಯಲ್ಲಿ ಹಾಕಿ ಸ್ಟಿಕ್ಕು, ಹಿಂದೆ ಇಬ್ಬರು ಹುಡುಗಿಯರು. ಬಾಯಲ್ಲಿದ್ದದ್ದನ್ನು ಗಟಕ್ಕನೆ ನುಂಗಿಯೇಬಿಟ್ಟ. ಶಟರ್ ಎಳೆಯಲು ಎದ್ದ, ಅದು ಅರ್ಧಕ್ಕೆ ಬಂದು ಸಿಕ್ಕಿಕೊಂಡಿತು.

"ಬರ್ರಿ, ಬರ್ರಿ ಅಕ್ಕಾರ," ಅಂದ ಅದರಡಿ ಬಗ್ಗಿ, ಬಿಕ್ಕಳಿಸುತ್ತ. "ಬದಲಿ ಬೇಕಿತ್ತೇನ್ರಿ?"

"ನಮ್ಮದಕ್ಕ ರೊಕ್ಕ ವಾಪಸ್ ಕೊಡು. ಬದಲಿ ಇವರ ಮಗಳಿಗೆ," ಅಂದೆ. "ದುಂಡನೆ ಬೆನ್ನಿಂದು. ಅಕಿನ ಆರಿಸ್ಕೋತಾಳ, ನೀ ಮುಟ್ಟಬ್ಯಾಡ."